ಕಿಲಿಫಿಯ ರೋಗಗಣನೆಯೂ ಅನುಪಲಬ್ಧಿ ಪ್ರಮಾಣವೂ

೧

ಒಂದು ನಾಡಿನಲ್ಲಿ ಒಂದು ರೋಗವು ಎಷ್ಟಿದೆಯೆಂಬ ಪ್ರಶ್ನೆಗೆ ಉತ್ತರವು ಸಾಮಾನ್ಯವಾಗಿ ಅಂಕೆಯ ರೂಪದಲ್ಲಿ ದೊರೆಯುತ್ತದೆ. ಅಂಕೆಯು ದೊರೆತೊಡನೆ ಪ್ರಶ್ನೆಯು ಮುಗಿಯಿತೆಂದು ಬಹುಮಂದಿ ಭಾವಿಸುತ್ತಾರೆ. ಆದರೆ ಆ ಅಂಕೆಯು ಯಾವ ಪ್ರಮಾಣದಿಂದ ಸಿದ್ಧವಾಯಿತು, ಅದು ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸಲಾರದು ಎಂಬ ವಿಚಾರವು ಅಲ್ಲಿಂದಲೇ ಆರಂಭವಾಗತಕ್ಕದ್ದು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವನ್ನು ಕುರಿತ ಒಂದು ಅಧ್ಯಾಯವಿದೆ. ಪ್ರಕೃತಿ, ಆಹಾರ, ಬಲ, ವಯಸ್ಸು ಇವುಗಳಲ್ಲಿ ಭಿನ್ನರಾದ ಜನರು ಏಕಕಾಲದಲ್ಲಿ ಒಂದೇ ವ್ಯಾಧಿಗೆ ಹೇಗೆ ತುತ್ತಾಗುತ್ತಾರೆಂದು ಅಲ್ಲಿ ಶಂಕೆಯನ್ನೆತ್ತಿ, ವಾಯು, ಜಲ, ದೇಶ, ಕಾಲಗಳೆಂಬ ನಾಲ್ಕು ಸಾಮಾನ್ಯ ಭಾವಗಳು ಕೆಡುವುದರಿಂದ ಎಂದು ಸಮಾಧಾನವನ್ನು ಹೇಳಿದೆ. ಎಷ್ಟು ಮಂದಿ ತುತ್ತಾದರೆಂಬ ಎಣಿಕೆಯು ಮಾತ್ರ ಅಲ್ಲಿನ ವಿಷಯವಲ್ಲ. ಆ ಎಣಿಕೆಯನ್ನೇ ಮುಖ್ಯ ವಿಷಯವನ್ನಾಗಿ ಮಾಡಿಕೊಂಡುದು ಆಧುನಿಕ ಜನರೋಗಶಾಸ್ತ್ರ. ಈ ಶಾಸ್ತ್ರದಲ್ಲಿ ನಡೆದ ಉತ್ತಮ ಕೆಲಸಗಳ ಸಾಲಿನಲ್ಲಿ ಕೆನ್ಯಾ ದೇಶದ ಕಿಲಿಫಿ ಪ್ರಾಂತದ ಗ್ರಂಥಸಮೂಹವು ಎದ್ದು ಕಾಣುತ್ತದೆ. ನ್ಯುಮೊಕಾಕಸ್ ಎಂಬ ರೋಗಾಣುವು ಮಕ್ಕಳ ರಕ್ತವನ್ನು ಹೊಕ್ಕು ಉಂಟುಮಾಡುವ ರೋಗವನ್ನು ಅಲ್ಲಿನ ಪಂಡಿತರು ಎರಡು ದಶಕಗಳ ಕಾಲ ಎಣಿಸಿ, ಕಾಲಕಾಲಕ್ಕೆ ಪ್ರಬಂಧಗಳನ್ನು ಪ್ರಕಟಿಸಿದರು. ಆ ಪ್ರಬಂಧಗಳಲ್ಲಿ ಮುಖ್ಯವಾದ ಕೆಲವನ್ನು ತೆಗೆದುಕೊಂಡು, ಅವುಗಳ ಅಂಕೆಗಳು ಎಷ್ಟರಮಟ್ಟಿಗೆ ಪ್ರಮಾಣವೆಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಮೊದಲು ವಿಷಯದ ಸ್ವರೂಪವನ್ನು ತಿಳಿಯುವುದು ಯುಕ್ತ. ನ್ಯುಮೊಕಾಕಸನ್ನು ೧೮೮೧ರಲ್ಲಿ ಫ್ರಾನ್ಸಿನಲ್ಲಿ ಪಾಸ್ತರನೂ ಅಮೆರಿಕದಲ್ಲಿ ಸ್ಟರ್ನ್‌ಬರ್ಗನೂ ಒಬ್ಬರನ್ನೊಬ್ಬರು ಅರಿಯದೆ ಕಂಡುಹಿಡಿದರು. ಸ್ಟರ್ನ್‌ಬರ್ಗನಿಗೆ ಅದು ದೊರೆತುದು ತನ್ನದೇ ಎಂಜಲಿನಲ್ಲಿ. ಈ ಸಂಗತಿಯಲ್ಲಿ ಒಂದು ದೊಡ್ಡ ತತ್ತ್ವವು ಅಡಗಿದೆ. ಈ ರೋಗಾಣುವು ಆರೋಗ್ಯವಂತರ ಮೂಗು ಗಂಟಲುಗಳಲ್ಲಿ, ವಿಶೇಷವಾಗಿ ಎಳೆಯ ಮಕ್ಕಳಲ್ಲಿ, ಯಾವ ಕೇಡನ್ನೂ ಮಾಡದೆ ವಾಸಮಾಡುತ್ತಿರುತ್ತದೆ. ಅದೇ ರೋಗಾಣುವು ಶ್ವಾಸಕೋಶಕ್ಕೆ ಇಳಿದಾಗ ನ್ಯುಮೋನಿಯಾ. ರಕ್ತವನ್ನು ಸೇರಿದಾಗ ಪ್ರಾಣಾಪಾಯ. ಮಿದುಳಿನ ಪೊರೆಯನ್ನು ಮುಟ್ಟಿದಾಗ ಮರಣ, ಇಲ್ಲವೆ ಬದುಕಿದವರಿಗೆ ಕಿವುಡುತನ ಮೊದಲಾದ ವೈಕಲ್ಯ. ವಸ್ತುವು ಒಂದೇ ಆದರೂ ಆಶ್ರಯಭೇದದಿಂದ ಅದು ರೋಗವೆಂಬ ಹೆಸರನ್ನು ಪಡೆಯುತ್ತದೆ, ಅಥವಾ ಪಡೆಯುವುದಿಲ್ಲ.

ಈ ರೋಗಾಣುವಿಗೆ ಸಕ್ಕರೆಯ ಜಾತಿಯ ದ್ರವ್ಯದಿಂದಾದ ಒಂದು ಹೊದಿಕೆಯುಂಟು. ಹೊದಿಕೆಯ ಭೇದದಿಂದ ನೂರಕ್ಕೂ ಹೆಚ್ಚು ಪ್ರಭೇದಗಳನ್ನು ಇಂದು ಗುರುತಿಸಿದ್ದಾರೆ. ಲಸಿಕೆಯು ಈ ಹೊದಿಕೆಯನ್ನೇ ಗುರಿಯಾಗಿಟ್ಟುಕೊಂಡದ್ದರಿಂದ, ಒಂದು ಲಸಿಕೆಯು ತನ್ನಲ್ಲಿ ಸೇರಿಸಿರುವ ಪ್ರಭೇದಗಳನ್ನು ಮಾತ್ರ ಚೆನ್ನಾಗಿ ತಡೆಯುತ್ತದೆ. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ.

ರಕ್ತದಲ್ಲಿ ರೋಗಾಣುವಿದೆಯೆಂದು ತಿಳಿಯುವ ಉಪಾಯವು, ರೋಗಿಯ ರಕ್ತವನ್ನು ಪೋಷಕದ್ರವವಿರುವ ಸೀಸೆಗೆ ಹಾಕಿ, ಅದರಲ್ಲಿ ಏನು ಬೆಳೆಯುತ್ತದೆಂದು ನೋಡುವುದು. ಆಸ್ಪತ್ರೆಗಳಲ್ಲಿ ಇದಕ್ಕೆ ಬ್ಲಡ್ ಕಲ್ಚರ್ ಎಂದು ಹೆಸರು. ಈ ಪರೀಕ್ಷೆಯ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಚರ್ಮದ ಮೇಲಿರುವ ಕೆಲವು ಜೀವಾಣುಗಳು ಸೂಜಿಯೊಡನೆ ಸೀಸೆಯನ್ನು ಸೇರಿ ಭ್ರಾಂತಿಯನ್ನು ಹುಟ್ಟಿಸುವುದುಂಟು. ನ್ಯುಮೊಕಾಕಸಿನ ವಿಷಯದಲ್ಲಿ ಆ ಶಂಕೆಗೆ ಎಡೆಯಿಲ್ಲ. ಅದು ಸೀಸೆಯಲ್ಲಿ ಬೆಳೆದರೆ ಮಗುವಿನ ರಕ್ತದಲ್ಲಿ ಇತ್ತೆಂದೇ ಸಿದ್ಧ. ಆದರೆ ಬೆಳೆಯದಿದ್ದರೆ ಇರಲಿಲ್ಲವೆಂದು ಸಿದ್ಧವಾಗುವುದಿಲ್ಲ. ಮಗುವಿನಿಂದ ತೆಗೆಯುವ ರಕ್ತವು ಅಲ್ಪ. ಅದರಲ್ಲಿರುವ ರೋಗಾಣುಗಳೂ ವಿರಳವಾಗಿರಬಹುದು. ಮೊದಲೇ ಔಷಧ ಬಿದ್ದಿದ್ದರೆ ರೋಗಾಣುವು ಬೆಳೆಯುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಇದಲ್ಲದೆ ನ್ಯುಮೊಕಾಕಸ್ ತನ್ನನ್ನು ತಾನೇ ಕರಗಿಸಿಕೊಳ್ಳುವ ಸ್ವಭಾವವುಳ್ಳದ್ದು. ಸೀಸೆಯನ್ನು ಸಕಾಲದಲ್ಲಿ ನೋಡದಿದ್ದರೆ ಬೆಳೆದುದೂ ಅಳಿದುಹೋಗಬಹುದು. ಹೀಗೆ ಈ ಪರೀಕ್ಷೆಯು ಭಾವದ ವಿಷಯದಲ್ಲಿ ಬಲವಾದ ಪ್ರಮಾಣ. ಅಭಾವದ ವಿಷಯದಲ್ಲಿ ದುರ್ಬಲ. ಮುಂದಿನ ವಿಮರ್ಶೆಗೆಲ್ಲ ಇದೇ ತಳಹದಿ.

೩

ಕಿಲಿಫಿಯು ಹಿಂದೂಮಹಾಸಾಗರದ ತೀರದಲ್ಲಿ, ಮೊಂಬಾಸಾ ನಗರಕ್ಕೆ ಉತ್ತರದಲ್ಲಿರುವ ಊರು. ಅಲ್ಲಿ ಕೆನ್ಯಾ ದೇಶದ ವೈದ್ಯಕೀಯ ಸಂಶೋಧನ ಸಂಸ್ಥೆಯೂ ಇಂಗ್ಲೆಂಡಿನ ವೆಲ್‌ಕಂ ಟ್ರಸ್ಟೂ ಕೂಡಿ ೧೯೮೯ರಲ್ಲಿ ಸಂಶೋಧನ ಕೇಂದ್ರವೊಂದನ್ನು ಆರಂಭಿಸಿದವು. ೧೯೯೮ರ ಆಗಸ್ಟಿನಿಂದ, ಅಲ್ಲಿನ ಜಿಲ್ಲಾ ಆಸ್ಪತ್ರೆಗೆ ದಾಖಲಾಗುವ ಮಕ್ಕಳಲ್ಲಿ ಸಣ್ಣಪುಟ್ಟ ಗಾಯದವರನ್ನೂ ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗೆ ಬಂದವರನ್ನೂ ಬಿಟ್ಟು, ಉಳಿದವರೆಲ್ಲರ ರಕ್ತವನ್ನೂ ಪರೀಕ್ಷಿಸುವ ಕ್ರಮವು ಜಾರಿಗೆ ಬಂದಿತು. ವೈದ್ಯನಿಗೆ ಸಂದೇಹ ತೋರಿದವರದು ಮಾತ್ರವಲ್ಲ, ಎಲ್ಲರದೂ. ೨೦೦೦ದಿಂದ, ಆಸ್ಪತ್ರೆಯ ಸುತ್ತಣ ೮೯೧ ಚದರ ಕಿಲೋಮೀಟರು ಪ್ರದೇಶದ ಮನೆಮನೆಯನ್ನೂ ವರ್ಷದಲ್ಲಿ ಅನೇಕ ಬಾರಿ ಹೊಕ್ಕು ಜನನ, ಮರಣ, ವಲಸೆಗಳನ್ನು ಬರೆದಿಡುವ ವ್ಯವಸ್ಥೆಯೂ ಏರ್ಪಟ್ಟಿತು. ಅಂಶವನ್ನು ಆಸ್ಪತ್ರೆಯೂ ಛೇದವನ್ನು ಊರೂರಿನ ಗಣತಿಯೂ ಒದಗಿಸಿದವು. ಈ ಎರಡೂ ಒಂದೆಡೆಯಲ್ಲಿ ಕೂಡಿದ್ದು ಬಡದೇಶಗಳಲ್ಲಿ ಅಪೂರ್ವ.

ಬರ್ಕ್ಲಿ ಮೊದಲಾದವರು ೨೦೦೫ರಲ್ಲಿ ಪ್ರಕಟಿಸಿದ ಪ್ರಬಂಧವು ಮೊದಲ ನಾಲ್ಕು ವರ್ಷಗಳ ಫಲ. ಅರುವತ್ತು ದಿನಗಳೊಳಗಿನ ೧,೭೮೩ ಶಿಶುಗಳಲ್ಲಿ ೨೨೮ ಶಿಶುಗಳ ರಕ್ತದಲ್ಲಿಯೂ, ಅದಕ್ಕೆ ಮೇಲ್ಪಟ್ಟ ೧೪,೭೮೭ ಮಕ್ಕಳಲ್ಲಿ ೮೬೬ ಮಕ್ಕಳ ರಕ್ತದಲ್ಲಿಯೂ ಒಂದಲ್ಲ ಒಂದು ರೋಗಾಣುವು ಕಂಡುಬಂದಿತು. ದೊಡ್ಡ ಮಕ್ಕಳಲ್ಲಿ ಕಂಡ ಪ್ರಧಾನ ರೋಗಾಣುಗಳಲ್ಲಿ ನ್ಯುಮೊಕಾಕಸ್ ಒಂದು. ಆಸ್ಪತ್ರೆಯಲ್ಲಿ ಮೃತರಾದ ಮಕ್ಕಳಲ್ಲಿ ನೂರಕ್ಕೆ ೨೬ ಮಂದಿಯ ರಕ್ತವು ಹೀಗೆ ದೂಷಿತವಾಗಿದ್ದಿತು. ಅದುವರೆಗೆ ಆಫ್ರಿಕೆಯ ಮಕ್ಕಳ ಜ್ವರವೆಂದರೆ ಮಲೇರಿಯಾ ಎಂದೇ ಎಣಿಸುತ್ತಿದ್ದ ರೂಢಿಗೆ ಈ ಅಂಕೆಯು ಬಲವಾದ ಪೆಟ್ಟುಕೊಟ್ಟಿತು.

ಇನ್ನು ನ್ಯುಮೊಕಾಕಸೊಂದನ್ನೇ ತೆಗೆದುಕೊಂಡರೆ, ಕಿಲಿಫಿಯ ಪ್ರಬಂಧಗಳಲ್ಲಿ ಮೂರು ಬೇರೆ ಬೇರೆ ಅಂಕೆಗಳು ದೊರೆಯುತ್ತವೆ. ಒಂದು ಮಗುವನ್ನು ಒಂದು ವರ್ಷ ಗಮನಿಸಿದರೆ ಅದು ಒಂದು ವ್ಯಕ್ತಿವರ್ಷವೆಂದು ಇಟ್ಟುಕೊಂಡು, ಐದು ವರ್ಷದೊಳಗಿನ ಮಕ್ಕಳಲ್ಲಿ ಲಕ್ಷ ವ್ಯಕ್ತಿವರ್ಷಗಳಿಗೆ ಎಷ್ಟು ಎಂದು ಎಣಿಸಿದ್ದಾರೆ. ದಾಖಲಾದ ಮಕ್ಕಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ೧೧೧. ಬ್ರೆಂಟ್ ಮೊದಲಾದವರು ೨೦೦೬ರಲ್ಲಿ, ಹೊರರೋಗಿಗಳಾಗಿ ಬಂದು ಮನೆಗೆ ಮರಳುವ ಮಕ್ಕಳ ರಕ್ತವನ್ನೂ ಪರೀಕ್ಷಿಸಿ ಸೇರಿಸಿದಾಗ ೫೯೭. ಹ್ಯಾಮಿಟ್ ಮೊದಲಾದವರು ೨೦೧೯ರಲ್ಲಿ, ಲಸಿಕೆಗೆ ಮೊದಲಿನ ಸ್ಥಿತಿಯೆಂದು ಕೊಟ್ಟುದು ೬೦.೮.

ಒಂದೇ ನಾಡು, ಒಂದೇ ರೋಗಾಣು, ಒಂದೇ ವಯಸ್ಸು, ಅಂಕೆಗಳು ಮೂರು. ಅವಸರದ ವಾಚಕನು ಇವುಗಳಲ್ಲಿ ಎರಡಾದರೂ ಸುಳ್ಳಾಗಿರಬೇಕೆಂದು ಹೇಳಿಯಾನು. ಅದು ಸರಿಯಲ್ಲ. ನವ್ಯನೈಯಾಯಿಕರು ಪ್ರತಿಯೊಂದು ಧರ್ಮಕ್ಕೂ ಅವಚ್ಛೇದಕವನ್ನು, ಎಂದರೆ ಎಲ್ಲೆಯನ್ನು, ಹೇಳದೆ ಮಾತನಾಡರು. ಇಲ್ಲಿಯೂ ಎಲ್ಲೆಗಳನ್ನು ಹೇಳಿದೊಡನೆ ವಿರೋಧವು ಪರಿಹಾರವಾಗುತ್ತದೆ. ಮೊದಲನೆಯದು ಹಾಸಿಗೆ ಹಿಡಿದು ಆಸ್ಪತ್ರೆಯಲ್ಲಿ ಉಳಿದವರ ಎಣಿಕೆ. ಎರಡನೆಯದು ಆಸ್ಪತ್ರೆಯ ಬಾಗಿಲಿಗೆ ಬಂದವರೆಲ್ಲರ ಎಣಿಕೆ. ಮೂರನೆಯದು ಲಸಿಕೆಯಲ್ಲಿ ಸೇರಿರುವ ಹತ್ತು ಪ್ರಭೇದಗಳಿಂದ ರೋಗ ಬಂದವರ ಎಣಿಕೆ, ಅದೂ ಅನೇಕ ವರ್ಷಗಳ ಸರಾಸರಿ. ಮೂರೂ ತಮ್ಮ ತಮ್ಮ ಎಲ್ಲೆಯೊಳಗೆ ಸತ್ಯ. ಎಲ್ಲೆಯನ್ನು ಅಳಿಸಿ “ಕಿಲಿಫಿಯಲ್ಲಿ ರೋಗ ಇಷ್ಟು” ಎಂದರೆ ಮೂರೂ ಅಸತ್ಯ.

ಎರಡನೆಯ ಅಂಕೆಯ ವಿಷಯದಲ್ಲಿ ಮತ್ತೊಂದು ಆಕ್ಷೇಪವುಂಟು. ರಕ್ತದಲ್ಲಿ ರೋಗಾಣುವಿದ್ದೂ ನಡೆದಾಡುತ್ತ ಬಂದ ಮಗುವಿನ ಸ್ಥಿತಿಯು, ಉಸಿರಾಡಲಾರದೆ ದಾಖಲಾದ ಮಗುವಿನ ಸ್ಥಿತಿಗೆ ಸಮಾನವಲ್ಲ. ಅಂತಹ ಕೆಲವರು ತಾವಾಗಿಯೇ ಚೇತರಿಸಿಕೊಳ್ಳುವುದನ್ನು ಬೇರೆ ದೇಶಗಳ ವೈದ್ಯರೂ ಕಂಡಿದ್ದಾರೆ. ಆದುದರಿಂದ ೧೧೧ಕ್ಕೂ ೫೯೭ಕ್ಕೂ ನಡುವಣ ಅಂತರವು ಬರಿಯ ಪರಿಮಾಣದ ಅಂತರವಲ್ಲ. ರೋಗವೆಂಬ ಪದದ ಅರ್ಥವೇ ಅಲ್ಲಿ ಸ್ವಲ್ಪ ಸರಿದಿದೆ. ಇದನ್ನು ಸ್ಪಷ್ಟವಾಗಿ ಹೇಳದೆ ಎರಡನ್ನೂ ಒಂದೇ ಸಾಲಿನಲ್ಲಿ ಇರಿಸುವುದು ದೋಷ.

೪

ಈಗ ಮುಖ್ಯವಾದ ವಿಚಾರ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅಭಾವವನ್ನು ತಿಳಿಸಲು ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನು ಒಪ್ಪುತ್ತಾರೆ. ನೈಯಾಯಿಕರು ಅದನ್ನು ಬೇರೆ ಪ್ರಮಾಣವೆಂದು ಒಪ್ಪದೆ, ಪ್ರತ್ಯಕ್ಷದಲ್ಲಿಯೇ ಸೇರಿಸುತ್ತಾರೆ. ಈ ಜಗಳವು ಹೇಗಾದರೂ ಇರಲಿ, ಒಂದು ನಿಯಮದಲ್ಲಿ ಎಲ್ಲರಿಗೂ ಒಮ್ಮತವುಂಟು. ಕಾಣದೆ ಹೋದ ಮಾತ್ರಕ್ಕೆ ಇಲ್ಲವೆಂದು ಹೇಳಲಾಗದು. ಇದ್ದಿದ್ದರೆ ಕಾಣಲೇಬೇಕಾಗಿದ್ದಿತು ಎಂಬ ಯೋಗ್ಯತೆಯು ಮೊದಲು ಸಿದ್ಧವಾಗಿರಬೇಕು. ಬೆಳಕಿನಲ್ಲಿ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು.

ಈ ನಿಯಮವನ್ನು ಕಿಲಿಫಿಗೆ ಅನ್ವಯಿಸಿ ನೋಡತಕ್ಕದ್ದು. ಮಗುವಿಗೆ ಜ್ವರ ಬಂದಂದಿನಿಂದ ಅದರ ಹೆಸರು ಲೆಕ್ಕದ ಪುಸ್ತಕವನ್ನು ಸೇರುವವರೆಗೆ ಐದು ಬಾಗಿಲುಗಳಿವೆ. ಮನೆಯವರು ಆಸ್ಪತ್ರೆಗೆ ಹೋಗಬೇಕೆಂದು ನಿಶ್ಚಯಿಸಬೇಕು. ದಾರಿಯೂ ವಾಹನವೂ ದುಡ್ಡೂ ಒದಗಬೇಕು. ಮಗುವು ಬದುಕಿ ತಲಪಬೇಕು. ರಕ್ತವನ್ನು ತೆಗೆಯಬೇಕು. ಸೀಸೆಯಲ್ಲಿ ರೋಗಾಣುವು ಬೆಳೆಯಬೇಕು. ಇವುಗಳಲ್ಲಿ ಯಾವುದೊಂದು ಮುಚ್ಚಿದರೂ ಲೆಕ್ಕದಲ್ಲಿ ಶೂನ್ಯವೇ ಬೀಳುತ್ತದೆ. ಕಿಲಿಫಿಯ ಪಂಡಿತರು ನಾಲ್ಕನೆಯ ಬಾಗಿಲನ್ನು ಪೂರ್ತಿಯಾಗಿ ತೆರೆದರು, ಐದನೆಯದನ್ನು ಶಕ್ತಿಯಿದ್ದಷ್ಟು ತೆರೆದರು. ಮೊದಲ ಮೂರು ಅವರ ಕೈಯಲ್ಲಿ ಇರಲಿಲ್ಲ.

ಆ ಮೂರು ಬಾಗಿಲುಗಳ ಹೊರಗೆ ಎಷ್ಟು ಮಕ್ಕಳು ಉಳಿದರೆಂಬುದಕ್ಕೆ ಬರ್ಕ್ಲಿಯವರ ಪ್ರಬಂಧದಲ್ಲಿಯೇ ಒಂದು ಲಿಂಗವಿದೆ. ರಕ್ತದಲ್ಲಿ ರೋಗಾಣುವಿದ್ದು ಮೃತರಾದ ೩೦೮ ಮಕ್ಕಳಲ್ಲಿ ೧೦೩ ಮಕ್ಕಳು ದಾಖಲಾದ ದಿನವೇ ತೀರಿಕೊಂಡರು. ಎರಡು ದಿನಗಳೊಳಗೆ ತೀರಿಕೊಂಡವರು ೨೧೭. ಮೂವರಲ್ಲಿ ಒಬ್ಬನು ಬಂದ ದಿನವೇ ಸತ್ತನೆಂದರೆ, ಆ ಮಕ್ಕಳು ಬಾಗಿಲವರೆಗೆ ಬಂದುದೇ ಒಂದು ಅಲ್ಪಕಾಲದ ಅಂತರದಿಂದ. ಒಂದು ರಾತ್ರಿ ತಡವಾಗಿದ್ದರೆ, ಒಂದು ಹೊಳೆ ತುಂಬಿ ಹರಿದಿದ್ದರೆ, ಅವರು ಮನೆಯಲ್ಲಿಯೋ ದಾರಿಯಲ್ಲಿಯೋ ತೀರಿಕೊಂಡು, ಲೆಕ್ಕದಲ್ಲಿ ರೋಗವಿಲ್ಲದವರ ಕಡೆಗೆ ಸೇರುತ್ತಿದ್ದರು. ಹೀಗೆ ತಡವಾದವರೂ ಇದ್ದೇ ಇರಬೇಕೆಂದು ಅನುಮಾನಿಸುವುದಕ್ಕೆ ಬಾಧಕವಿಲ್ಲ. ಗಣತಿಯ ಪುಸ್ತಕದಲ್ಲಿ ಅವರ ಮರಣವು ಇದೆ. ಮರಣದ ಕಾರಣವು ಇಲ್ಲ.

ಪ್ರಬಂಧಕಾರರು ಇದನ್ನು ಅರಿಯದವರಲ್ಲ. ಅವರು ತಮ್ಮ ಅಂಕೆಗೆ “ಕನಿಷ್ಠ” ಎಂಬ ವಿಶೇಷಣವನ್ನು ಎಚ್ಚರದಿಂದ ಸೇರಿಸಿರುವರು. ಈ ಒಂದು ಪದದಲ್ಲಿ ಅವರ ಪ್ರಾಮಾಣಿಕತೆಯೆಲ್ಲ ಅಡಗಿದೆ. ಆದರೆ ಅಂಕೆಯು ಒಂದು ಪುಸ್ತಕದಿಂದ ಇನ್ನೊಂದಕ್ಕೆ, ಪುಸ್ತಕದಿಂದ ಕಚೇರಿಗೆ, ಕಚೇರಿಯಿಂದ ಆಯವ್ಯಯದ ಪಟ್ಟಿಗೆ ಹೋಗುವಾಗ ವಿಶೇಷಣವು ಹಿಂದೆ ಉಳಿದು ವಿಶೇಷ್ಯವೊಂದೇ ಮುಂದೆ ಸಾಗುತ್ತದೆ. ಆಗ “ಇಷ್ಟಕ್ಕೆ ಕಡಿಮೆಯಿಲ್ಲ” ಎಂಬ ಮಾತು “ಇಷ್ಟೇ” ಎಂಬ ಅರ್ಥವನ್ನು ತಾಳುತ್ತದೆ. ರಕ್ತವನ್ನೇ ಪರೀಕ್ಷಿಸದ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಅನರ್ಥವಾಗುತ್ತದೆ. ಅಲ್ಲಿ ಅಂಕೆಯು ಶೂನ್ಯ. ಶೂನ್ಯವನ್ನು ನೋಡಿದವರು ರೋಗವಿಲ್ಲವೆಂದು ನಿರ್ಣಯಿಸಿದರೆ, ಕತ್ತಲೆಯ ಕೋಣೆಯಲ್ಲಿ ಗಡಿಗೆಯಿಲ್ಲವೆಂದು ಹೇಳಿದಂತಾಯಿತು. ರೋಗವು ಹೆಚ್ಚಾಗಿರುವಲ್ಲಿಯೇ ಪ್ರಯೋಗಶಾಲೆಯು ದುರ್ಲಭವಾದ್ದರಿಂದ, ಕತ್ತಲೆಯು ದಟ್ಟವಾಗಿರುವಲ್ಲಿಯೇ ಗಡಿಗೆಗಳು ಹೆಚ್ಚಾಗಿರುವ ಸಂಭವವುಂಟು.

೫

ಹಾಗಾದರೆ ಕಿಲಿಫಿಯ ಅಂಕೆಯನ್ನೇ ಪ್ರಯೋಗಶಾಲೆಯಿಲ್ಲದ ಇತರ ನಾಡುಗಳಿಗೆ ಎರವಲಾಗಿ ಕೊಡಬಹುದಷ್ಟೆ ಎಂಬ ಶಂಕೆ ಬರುತ್ತದೆ. ಸ್ಥಾಲೀಪುಲಾಕನ್ಯಾಯದಂತೆ ಒಂದು ಅಗುಳನ್ನು ಹಿಸುಕಿ ಇಡೀ ಪಾತ್ರೆಯ ಅನ್ನವು ಬೆಂದಿದೆಯೆಂದು ತಿಳಿಯುವುದುಂಟು. ಆದರೆ ಆ ನ್ಯಾಯವು ಒಂದೇ ಒಲೆಯ ಮೇಲಿನ ಒಂದೇ ಪಾತ್ರೆಗೆ ಸಲ್ಲುತ್ತದೆ. ಬೇರೆ ಒಲೆಯ ಮೇಲಿನ ಪಾತ್ರೆಯ ವಿಷಯವನ್ನು ಅದು ಹೇಳಲಾರದು. ಕಿಲಿಫಿಯ ಒಲೆಯು ಎಂತಹುದೆಂದು ಅಲ್ಲಿನವರೇ ಎರಡು ಪ್ರಬಂಧಗಳಲ್ಲಿ ತೋರಿಸಿಕೊಟ್ಟಿದ್ದಾರೆ.

ಒಂದನೆಯದು ವಿಲಿಯಮ್ಸ್ ಮೊದಲಾದವರು ೨೦೦೯ರಲ್ಲಿ ಬರೆದುದು. ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ರೋಗವೊಂದುಂಟು. ಜನರು ಅದನ್ನು ಸಿಕಲ್ ಸೆಲ್ ಎಂದು ಕರೆಯುತ್ತಾರೆ. ತಂದೆ ತಾಯಿ ಇಬ್ಬರಿಂದಲೂ ಆ ದೋಷವನ್ನು ಪಡೆದ ಮಗುವಿಗೆ, ರಕ್ತದಲ್ಲಿ ರೋಗಾಣುಗಳು ಸೇರುವ ಸಂಭವವು ಇತರರಿಗಿಂತ ಸುಮಾರು ೨೬ ಪಟ್ಟು ಹೆಚ್ಚೆಂದು ಅವರು ಕಂಡರು. ಅಂತಹ ಮಕ್ಕಳ ರಕ್ತದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ದೊರೆತುದು ನ್ಯುಮೊಕಾಕಸ್. ಎರಡನೆಯದು ಸ್ಕಾಟ್ ಮೊದಲಾದವರು ೨೦೧೧ರಲ್ಲಿ ಬರೆದುದು. ಆ ದೋಷವನ್ನು ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಪಡೆದ ಮಗುವಿಗೆ ಮಲೇರಿಯಾದಿಂದ ರಕ್ಷಣೆಯುಂಟೆಂಬುದು ಮೊದಲೇ ತಿಳಿದಿದ್ದಿತು. ಅಂತಹ ಮಕ್ಕಳಿಗೆ ರಕ್ತದ ರೋಗಾಣುಗಳಿಂದಲೂ ರಕ್ಷಣೆಯಿದೆಯೆಂದು ಇವರು ತೋರಿಸಿದರು. ಅವರ ಅಪಾಯವು ಇತರರ ಅಪಾಯದ ಸುಮಾರು ಮೂರನೆಯ ಒಂದು ಪಾಲು. ಮಲೇರಿಯಾವೇ ರೋಗಾಣುಗಳಿಗೆ ದಾರಿಮಾಡಿಕೊಡುತ್ತದೆ. ಮಲೇರಿಯಾದಿಂದ ಉಳಿದವನು ಇವುಗಳಿಂದಲೂ ಉಳಿಯುತ್ತಾನೆ ಎಂದು ಇದರಿಂದ ಸಿದ್ಧವಾಯಿತು. ೧೯೯೯ರಿಂದ ೨೦೦೭ರೊಳಗೆ ಅಲ್ಲಿ ಮಲೇರಿಯಾಕ್ಕಾಗಿ ದಾಖಲಾಗುವ ಮಕ್ಕಳ ಸಂಖ್ಯೆಯು ಸಾವಿರಕ್ಕೆ ೨೮.೫ರಿಂದ ೩.೪೫ಕ್ಕೆ ಇಳಿದಾಗ, ರಕ್ತದಲ್ಲಿ ರೋಗಾಣುವಿದ್ದು ದಾಖಲಾಗುವವರ ಸಂಖ್ಯೆಯೂ ಸಾವಿರಕ್ಕೆ ೨.೫೯ರಿಂದ ೧.೪೫ಕ್ಕೆ ಇಳಿಯಿತು.

ಈ ಎರಡು ಪ್ರಬಂಧಗಳ ಬೆಲೆಯು ಅಂಕೆಗಳಿಗಿಂತ ದೊಡ್ಡದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂಬ ವ್ಯಾಪ್ತಿಯು ಏಕೆ ಸಲ್ಲದೆಂದರೆ, ಅಲ್ಲಿ ಹಸಿಯ ಸೌದೆಯೆಂಬ ಉಪಾಧಿಯಿದೆ. ನ್ಯುಮೊಕಾಕಸ್ ಇದ್ದಲ್ಲೆಲ್ಲ ಲಕ್ಷಕ್ಕೆ ಇಷ್ಟು ಮಂದಿಗೆ ರೋಗವೆಂಬ ವ್ಯಾಪ್ತಿಯಲ್ಲಿಯೂ ಮಲೇರಿಯಾ, ಆನುವಂಶಿಕ ದೋಷ, ಕುಪೋಷಣೆ ಮೊದಲಾದುವು ಉಪಾಧಿಗಳಾಗಿ ನಿಂತಿವೆ. ಆದುದರಿಂದ ಕಿಲಿಫಿಯ ಅಂಕೆಯು ಕಿಲಿಫಿಯದೇ, ಅದೂ ಆಯಾ ವರ್ಷದ್ದೇ. ಚರಕನು ದೇಶವನ್ನೂ ಕಾಲವನ್ನೂ ಬೇರೆ ಬೇರೆಯಾಗಿ ಹೇಳಿದುದು ಇಲ್ಲಿ ಸಾರ್ಥಕವಾಗಿದೆ.

೬

ಇಷ್ಟು ದೂರ ಬಂದ ಮೇಲೆ ಪೂರ್ವಪಕ್ಷವೊಂದು ಬಲವಾಗಿ ಏಳುತ್ತದೆ. ಬಾಗಿಲುಗಳು ಮುಚ್ಚಿವೆ, ಪರೀಕ್ಷೆಯು ದುರ್ಬಲ, ಅಂಕೆಯು ಬೇರೆಡೆಗೆ ಸಲ್ಲದು ಎಂದರೆ, ಈ ಗಣನೆಯಿಂದ ಪ್ರಯೋಜನವೇನು? ಲಸಿಕೆಯಿಂದ ರೋಗವು ಇಳಿಯಿತೆಂಬ ಮಾತನ್ನಾದರೂ ಹೇಗೆ ನಂಬುವುದು? ಕಾಣದಿದ್ದರೆ ಇಲ್ಲವೆನ್ನಲಾಗದೆಂಬ ನಿಯಮವು ಲಸಿಕೆಯ ನಂತರದ ವರ್ಷಗಳಿಗೂ ಸಲ್ಲುವುದಲ್ಲವೆ?

ಸಮಾಧಾನವೇನೆಂದರೆ, ಪರಿಮಾಣವನ್ನು ಹೇಳುವುದು ಬೇರೆ, ತಾರತಮ್ಯವನ್ನು ಹೇಳುವುದು ಬೇರೆ. ಸೇರು ತಪ್ಪಾಗಿದ್ದರೂ ಅದೇ ಸೇರಿನಿಂದ ಎರಡು ರಾಶಿಗಳನ್ನು ಅಳೆದರೆ, ಯಾವುದು ಎಷ್ಟು ಪಾಲು ದೊಡ್ಡದೆಂದು ತಪ್ಪಿಲ್ಲದೆ ತಿಳಿಯಬಹುದು. ರಾಶಿಯ ನಿಜವಾದ ತೂಕ ಮಾತ್ರ ತಿಳಿಯದು. ಕಿಲಿಫಿಯಲ್ಲಿ ಅದೇ ಆಸ್ಪತ್ರೆ, ಅದೇ ಗಣತಿ, ಅದೇ ಪರೀಕ್ಷೆ ಇದ್ದವು. ೨೦೧೧ರ ಆರಂಭದಲ್ಲಿ ಹತ್ತು ಪ್ರಭೇದಗಳ ಲಸಿಕೆಯನ್ನು ಶಿಶುಗಳಿಗೂ, ಜೊತೆಗೆ ಐದು ವರ್ಷದೊಳಗಿನ ಇತರ ಮಕ್ಕಳಿಗೂ ಹಾಕಿದರು. ಆ ಹತ್ತು ಪ್ರಭೇದಗಳ ರೋಗವು ಐದು ವರ್ಷದೊಳಗಿನವರಲ್ಲ��� ಲಕ್ಷಕ್ಕೆ ೬೦.೮ರಿಂದ ೩.೨ಕ್ಕೆ ಇಳಿಯಿತು. ಇತರ ಕಾರಣಗಳ ಪಾಲನ್ನು ಲೆಕ್ಕದಲ್ಲಿ ಸರಿಪಡಿಸಿದ ಮೇಲೆ ಇಳಿತವು ನೂರಕ್ಕೆ ೯೨ ಎಂದು ಹ್ಯಾಮಿಟ್ ಮೊದಲಾದವರು ಬರೆದಿರುವರು.

ಸೇರು ನಡುವೆ ಬದಲಾಗಲಿಲ್ಲವೆಂಬುದಕ್ಕೆ ಪ್ರಮಾಣವೇನು? ಮಲೇರಿಯಾವು ಇಳಿದುದನ್ನು ಈಗ ತಾನೆ ಹೇಳಿದೆ. ಅದರಿಂದಲೇ ಈ ರೋಗವೂ ಇಳಿದಿರಬಾರದೇಕೆ? ಇಲ್ಲಿ ಪ್ರಭೇದಗಳು ಸಾಕ್ಷಿಯಾಗುತ್ತವೆ. ಮಲೇರಿಯಾ ಇಳಿದುದರಿಂದಾಗಲಿ, ಜನರು ಆಸ್ಪತ್ರೆಗೆ ಬಾರದುದರಿಂದಾಗಲಿ, ಪರೀಕ್ಷೆಯು ಕೆಟ್ಟುದರಿಂದಾಗಲಿ ರೋಗವು ಕಡಿಮೆಯಾಗಿ ಕಂಡಿದ್ದರೆ, ಲಸಿಕೆಯಲ್ಲಿ ಸೇರಿದ ಪ್ರಭೇದಗಳೂ ಸೇರದ ಪ್ರಭೇದಗಳೂ ಸಮವಾಗಿ ಇಳಿಯಬೇಕಾಗಿದ್ದಿತು. ಮಲೇರಿಯಾಕ್ಕೆ ಹೊದಿಕೆಗಳ ಭೇದವು ತಿಳಿಯದು. ಇಳಿದುದು ಲಸಿಕೆಯ ಪ್ರಭೇದಗಳು ಮಾತ್ರ. ಲಸಿಕೆಯಿದ್ದಲ್ಲಿ ಇಳಿತ, ಇಲ್ಲದಲ್ಲಿ ಇಳಿತವಿಲ್ಲ ಎಂಬ ಅನ್ವಯವ್ಯತಿರೇಕಗಳೆರಡೂ ಒಂದೇ ಊರಿನಲ್ಲಿ, ಒಂದೇ ಸೀಸೆಯಲ್ಲಿ ದೊರೆತವು. ಇದು ಆ ಪ್ರಬಂಧದ ಅತ್ಯುತ್ತಮ ಭಾಗ. ಲಸಿಕೆಯನ್ನು ಹಾಕಿಸಿಕೊಳ್ಳದ ದೊಡ್ಡವರಲ್ಲಿಯೂ ಅದೇ ಪ್ರಭೇದಗಳ ರೋಗವು ಬಹಳ ಮಟ್ಟಿಗೆ ಇಳಿದುದು, ಮಕ್ಕಳ ಮೂಗಿನಲ್ಲಿ ಆ ಪ್ರಭೇದಗಳ ವಾಸವೇ ತಗ್ಗಿತೆಂಬುದನ್ನು ಸ್ಥಿರಪಡಿಸುತ್ತದೆ. ಐದು ವರ್ಷದೊಳಗಿನವರಲ್ಲಿ ಆ ವಾಸವು ನೂರಕ್ಕೆ ೩೪ರಿಂದ ೧೩ಕ್ಕೆ ಇಳಿದುದನ್ನು ಅದೇ ತಂಡವು ೨೦೧೪ರಲ್ಲಿ ಪ್ರಕಟಿಸಿದ್ದಿತು.

ಆದರೂ ತಾರತಮ್ಯಕ್ಕೂ ಕಾಲದ ಎಲ್ಲೆಯುಂಟು. ಕಿಲಿಫಿಯ ಮಕ್ಕಳ ಮೂಗಿನಲ್ಲಿ ತೆರವಾದ ಜಾಗಕ್ಕೆ ಲಸಿಕೆಯಲ್ಲಿಲ್ಲದ ಪ್ರಭೇದಗಳು ಬಂದು ನೆಲಸಿದವು. ಇಂತಹ ವಾಸವು ರೋಗವಾಗಿ ಪರಿಣಮಿಸಬಹುದೆಂಬುದಕ್ಕೆ ಅಮೆರಿಕದ ಉತ್ತರ ತುದಿಯ ಅಲಾಸ್ಕಾ ಪ್ರಾಂತವು ನಿದರ್ಶನ. ಅಲ್ಲಿನ ಮೂಲನಿವಾಸಿಗಳ ಎರಡು ವರ್ಷದೊಳಗಿನ ಮಕ್ಕಳಲ್ಲಿ, ಏಳು ಪ್ರಭೇದಗಳ ಲಸಿಕೆಗೆ ಮೊದಲು ಲಕ್ಷಕ್ಕೆ ೪೦೩.೨ ಇದ್ದ ರೋಗವು ೨೦೦೧ರಿಂದ ೨೦೦೩ರ ಅವಧಿಯಲ್ಲಿ ೧೩೪.೩ಕ್ಕೆ ಇಳಿದು, ೨೦೦೪ರಿಂದ ೨೦೦೬ರ ಅವಧಿಯಲ್ಲಿ ೨೪೪.೬ಕ್ಕೆ ಮತ್ತೆ ಏರಿತು. ಏರಿಸಿದುದು ಲಸಿಕೆಯಲ್ಲಿಲ್ಲದ ಪ್ರಭೇದಗಳು. ಕಿಲಿಫಿಯಲ್ಲಿ ೨೦೧೬ರ ವರೆಗಿನ ಗಣನೆಯಲ್ಲಿ ಅಂತಹ ಏರಿಕೆಯು ಸ್ಪಷ್ಟವಾಗಿ ಕಾಣಲಿಲ್ಲ. ಒಂದು ನಾಡಿನ ಇಳಿತವನ್ನು ಇನ್ನೊಂದು ನಾಡಿಗೆ ಹಾಗೆಯೇ ಆರೋಪಿಸಬಾರದೆಂಬುದು ಇದರಿಂದ ಮತ್ತೊಮ್ಮೆ ದೃಢವಾಗುತ್ತದೆ.

೭

ಸೀಸೆಯಲ್ಲಿ ಕಾಣದೆ ಹೋದ ರೋಗವನ್ನು ತಿಳಿಯಲು ಬೇರೆ ಪ್ರಮಾಣವಿಲ್ಲವೆ ಎಂದರೆ, ಇದೆ, ಅದು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತನು ಪುಷ್ಟನಾಗಿದ್ದರೆ, ರಾತ್ರಿ ಉಣ್ಣುತ್ತಾನೆಂದು ಕಲ್ಪಿಸದೆ ಗತಿಯಿಲ್ಲ. ಆಫ್ರಿಕೆಯ ಪಶ್ಚಿಮತೀರದ ಗ್ಯಾಂಬಿಯಾ ದೇಶದಲ್ಲಿ ಕಟ್ಸ್ ಮೊದಲಾದವರು ೧೭,೪೩೭ ಮಕ್ಕಳನ್ನು ಎರಡು ಪಾಲುಮಾಡಿ, ಒಂದು ಪಾಲಿಗೆ ಒಂಬತ್ತು ಪ್ರಭೇದಗಳ ಲಸಿಕೆಯನ್ನೂ ಇನ್ನೊಂದು ಪಾಲಿಗೆ ಸತ್ತ್ವವಿಲ್ಲದ ಚುಚ್ಚುಮದ್ದನ್ನೂ ಕೊಟ್ಟು ನೋಡಿದರು. ಫಲವು ೨೦೦೫ರಲ್ಲಿ ಪ್ರಕಟವಾಯಿತು. ರಕ್ತವೇ ಮೊದಲಾದ ಶುದ್ಧಸ್ಥಾನಗಳಲ್ಲಿ ಲಸಿಕೆಯ ಪ್ರಭೇದಗಳು ಕಂಡ ರೋಗವು ನೂರಕ್ಕೆ ೭೭ ಪಾಲು ಇಳಿದುದು ನಿರೀಕ್ಷಿತವೇ. ಎಕ್ಸರೇಯಲ್ಲಿ ಕಂಡ ನ್ಯುಮೋನಿಯಾವು ೩೭ ಪಾಲು ಇಳಿದುದೂ, ಎಲ್ಲ ಕಾರಣಗಳ ಮರಣವೂ ಕೂಡಿ ೧೬ ಪಾಲು ಇಳಿದುದೂ ಆಶ್ಚರ್ಯ.

ಆ ಲಸಿಕೆಯು ನ್ಯುಮೊಕಾಕಸಿನ ಒಂಬತ್ತು ಪ್ರಭೇದಗಳನ್ನಲ್ಲದೆ ಬೇರಾವುದನ್ನೂ ತಡೆಯಲೆಂದು ಮಾಡಿದ್ದಲ್ಲ. ಹಾಗಿದ್ದೂ ಇಷ್ಟು ನ್ಯುಮೋನಿಯಾವೂ ಇಷ್ಟು ಮರಣಗಳೂ ತಪ್ಪಿದವೆಂದರೆ, ತಪ್ಪಿದವುಗಳ ಹಿಂದೆ ಆ ರೋಗಾಣುವೇ ಇದ್ದಿತೆಂದು ಒಪ್ಪದೆ ಉಪಪತ್ತಿಯಿಲ್ಲ. ಸೀಸೆಯಲ್ಲಿ ಹೆಸರು ಬೀಳದ ರೋಗವು ತಡೆದಾಗ ತನ್ನ ಹೆಸರನ್ನು ಹೇಳಿತು. ಹೀಗೆ ಕಿಲಿಫಿಯ ಗಣನೆಯು ಹೇಳಲಾರದುದನ್ನು ಗ್ಯಾಂಬಿಯಾದ ಪರೀಕ್ಷೆಯು ಹೇಳಿದೆ. ಅದು ಹೇಳಲಾರದ ವರ್ಷವರ್ಷದ ಏರಿಳಿತವನ್ನು ಕಿಲಿಫಿಯು ಹೇಳಿದೆ. ಒಂದು ಪ್ರಮಾಣದ ಊನವನ್ನು ಇನ್ನೊಂದು ತುಂಬಿದಾಗಲೇ ವಸ್ತುವು ನಿರ್ಣೀತವಾಗುತ್ತದೆ.

೮

ಈ ವಿಮರ್ಶೆಯು ಭಾರತಕ್ಕೆ ಹೇಗೆ ಸಂಬಂಧಿಸುತ್ತದೆಂಬುದನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ೧೯೯೩ರಿಂದ ೧೯೯೭ರ ವರೆಗೆ ಭಾರತದ ಆರು ಆಸ್ಪತ್ರೆಗಳಲ್ಲಿ ನ್ಯುಮೊಕಾಕಸನ್ನು ಕ್ರಮವಾಗಿ ಹುಡುಕಿದ ಪರಿಶೋಧನೆಯೊಂದು ೧೯೯೯ರಲ್ಲಿ ಪ್ರಕಟವಾಯಿತು. ಯಾವ ಪ್ರಭೇದಗಳು ಇಲ್ಲಿ ಹೆಚ್ಚು, ಯಾವ ಔಷಧಗಳಿಗೆ ಅವು ಬಗ್ಗುತ್ತವೆ ಎಂಬ ವಿಷಯದಲ್ಲಿ ಅದು ಬೆಲೆಯುಳ್ಳ ಗ್ರಂಥ. ಆದರೆ ಆ ಆಸ್ಪತ್ರೆಗಳ ಹಿಂದೆ ಎಣಿಸಿದ ಜನಸಮುದಾಯವಿರಲಿಲ್ಲ. ಅಂಶವಿದ್ದು ಛೇದವಿಲ್ಲದ ಭಿನ್ನರಾಶಿಯಿಂದ ಲಕ್ಷಕ್ಕೆ ಎಷ್ಟೆಂದು ಹೇಳಲಾಗದು. ಜ್ವರ ಬಂದೊಡನೆ ಔಷಧದ ಅಂಗಡಿಯಿಂದಲೇ ಮಾತ್ರೆಯನ್ನು ತಂದು ನುಂಗಿಸುವ ಅಭ್ಯಾಸವು ಇಲ್ಲಿ ಇರುವುದರಿಂದ, ಐದನೆಯ ಬಾಗಿಲೂ ಅರ್ಧ ಮುಚ್ಚಿದಂತೆಯೇ. ೨೦೧೭ರಲ್ಲಿ ಹಿಮಾಚಲ ಪ್ರದೇಶದಲ್ಲಿಯೂ ಬಿಹಾರ, ಉತ್ತರ ಪ್ರದೇಶಗಳ ಕೆಲವು ಭಾಗಗಳಲ್ಲಿಯೂ ಆರಂಭವಾದ ಲಸಿಕೆಯನ್ನು ೨೦೨೧ರಲ್ಲಿ ದೇಶಕ್ಕೆಲ್ಲ ವಿಸ್ತರಿಸಲಾಯಿತು. ರೋಗದ ನಿಜವಾದ ಪರಿಮಾಣವು ತಿಳಿಯುವ ತನಕ ಕಾಯದೆ ಹಾಗೆ ಮಾಡಿದುದು ಪ್ರಮಾಣಶಾಸ್ತ್ರಕ್ಕೂ ಒಪ್ಪುವ ಕೆಲಸ. ಅರ್ಥಾಪತ್ತಿಯು ಸಿದ್ಧವಾಗಿರುವಾಗ ಪ್ರತ್ಯಕ್ಷವಿಲ್ಲವೆಂದು ಕೈಕಟ್ಟಿ ಕೂರುವುದು ಯುಕ್ತವಲ್ಲ.

ಸಿಕಲ್ ಸೆಲ್ ರೋಗದ ನಿವಾರಣೆಗಾಗಿ ೨೦೨೩ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿದ ೧೭ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಿಲಿಫಿಯ ಅಂಕೆಯನ್ನು ಕರ್ನಾಟಕಕ್ಕೆ ತರಲಾಗದೆಂದು ಮೇಲೆ ಹೇಳಿದುದು ನಿಜ. ಆದರೆ ಕಿಲಿಫಿಯು ತೋರಿಸಿದ ಕಾರ್ಯಕಾರಣಭಾವವನ್ನು ತರಬಹುದು. ಆ ದೋಷವನ್ನು ಇಬ್ಬರಿಂದಲೂ ಪಡೆದ ಮಗುವು ಆಫ್ರಿಕೆಯ ತೀರದಲ್ಲಿರಲಿ, ಕನ್ನಡನಾಡಿನ ಕಾಡಿನ ಹಾಡಿಯಲ್ಲಿರಲಿ, ಈ ರೋಗಾಣುವಿಗೆ ಎಲ್ಲರಿಗಿಂತ ಮೊದಲು ಸಿಕ್ಕುವ ಮಗು. ರಕ್ತವನ್ನು ಪರೀಕ್ಷಿಸುವ ಸೀಸೆಯು ಎಲ್ಲರಿಗಿಂತ ಕೊನೆಗೆ ತಲಪುವುದೂ ಆ ಹಾಡಿಯ ಮಗುವನ್ನೇ. ಅಂಕೆಯನ್ನು ನೋಡಿ ಆ ಮಗುವನ್ನು ಹುಡುಕಿದರೆ ಸಿಕ್ಕದು. ಮಗುವನ್ನು ಹುಡುಕಿದ ಮೇಲೆ ಅಂಕೆಯು ಸರಿಯಾದೀತು.

ಕಿಲಿಫಿಯ ಪಂಡಿತರ ದೊಡ್ಡ ಉಪಕಾರವು ಅವರು ಕೊಟ್ಟ ಅಂಕೆಗಳಲ್ಲಿ ಅಷ್ಟಾಗಿ ಇಲ್ಲ. ಎಲ್ಲ ಮಕ್ಕಳ ರಕ್ತವನ್ನೂ ನೋಡಿ, ಎಲ್ಲ ಮನೆಗಳನ್ನೂ ಎಣಿಸಿ, ಕಡೆಗೆ “ಕನಿಷ್ಠ” ಎಂಬ ಪದವನ್ನು ಬಿಡದೆ ಬರೆದುದರಲ್ಲಿ ಇದೆ. ಅವರ ಅಂಕೆಗಳನ್ನು ಉದಾಹರಿಸುವವರು ಆ ಪದವನ್ನೂ ಜೊತೆಗೆ ಉದಾಹರಿಸಬೇಕು. ಬೆಳಕು ಬೀಳದ ನೆಲದಲ್ಲಿ ಗಡಿಗೆಯಿಲ್ಲವೆಂದು ಬರೆಯುವುದಕ್ಕೆ ಮೊದಲು ದೀಪವನ್ನು ತರತಕ್ಕದ್ದು. ದೀಪವು ಬರುವವರೆಗೆ “ಕಾಣಲಿಲ್ಲ” ಎಂದು ಬರೆಯಬಹುದೇ ಹೊರತು “ಇಲ್ಲ” ಎಂದು ಬರೆಯಲಾಗದು.